ಬಚ್ಚಲಿನ ಕಿಂಡಿ

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿರುವ ನಮ್ಮ ಮನೆಯ ಬಚ್ಚಲಿಗೆ ಇರುವುದು ಒಂದೇ ಕಿಂಡಿ. ಹೋದ ವರ್ಷ ದೀಪಾವಳಿಯ ಹಿಂದಿನ ದಿನ ಅದಕ್ಕೆ ರಟ್ಟು ತುರುಕಿ ಮುಚ್ಚಿದವನು ನಾನು. ಶಿವಮೊಗ್ಗದ ವಿದ್ಯಾನಗರದಿಂದ ಮಗಳು ಮಗುವನ್ನು ಕರೆದುಕೊಂಡು ಬಂದಿದ್ದಳು. ಎಣ್ಣೆ ಹಚ್ಚಿಸಿಕೊಂಡ ಮೊಮ್ಮಗಳಿಗೆ ಚಳಿಗಾಳಿ ತಗಲಬಾರದೆಂದು ಹಾಗೆ ಮಾಡಿದೆ. ಗ್ಯಾಸ್ ಗೀಸರ್ ಇದ್ದದ್ದೂ ಆ ಬಚ್ಚಲೊಳಗೇ.

ಹಬ್ಬದ ಬೆಳಿಗ್ಗೆ ಒಬ್ಬರಾದ ಮೇಲೊಬ್ಬರು ಎಣ್ಣೆಸ್ನಾನ ಮಾಡಿದೆವು. ಗೀಸರ್ ಉರಿಯುತ್ತಲೇ ಇತ್ತು. ಕೊನೆಗೆ ನನ್ನ ಹೆಂಡತಿ ಮಗುವಿಗೆ ನೀರು ಹಾಕಿ, ಟವೆಲ್ ಸುತ್ತಿ ಹೊರಗೆ ಕಳಿಸಿ, ತಾನು ಸ್ನಾನಕ್ಕೆ ಕೂತಳು. ಸ್ವಲ್ಪ ಹೊತ್ತಿಗೆ ಚೊಂಬು ಬಿದ್ದ ಸದ್ದಾಯಿತು. ಕರೆದರೆ ಉತ್ತರವಿಲ್ಲ. ಪುಣ್ಯಕ್ಕೆ ಚಿಲಕ ಹಾಕಿರಲಿಲ್ಲ. ನಾನೂ ಮಗಳೂ ಅವಳನ್ನು ಎತ್ತಿ ಹಿತ್ತಲಿಗೆ ತಂದು ಮಲಗಿಸಿದೆವು. ಗಾಳಿ ಆಡಿದ ಮೇಲೆ ಕಣ್ಣು ಬಿಟ್ಟು, "ತಲೆ ಸಿಡೀತಿದೆ" ಎಂದಳು.

"ಅಮ್ಮ ಖಾಲಿ ಹೊಟ್ಟೇಲಿದ್ರು" ಎಂದು ಮಗಳು ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳಿದಳು. ಅವರು ನಿಶ್ಶಕ್ತಿ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡಿದವನು ನಾನು. ಉರಿ ಇರುವಲ್ಲಿ ಗಾಳಿ ಆಡದಿದ್ದರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬಿಕೊಂಡು ಮನುಷ್ಯ ನಿಂತಲ್ಲೇ ಬೀಳುತ್ತಾನೆಂದು ಹೊಸಬರಿಗೆ ಹೇಳಿಕೊಟ್ಟವನು. ಕುಲುಮೆ ಕಾರ್ಖಾನೆಯದು, ಗೀಸರ್ ಮನೆಯದು ಎಂದು ಮನಸ್ಸಿನಲ್ಲಿ ಬೇರೆ ಬೇರೆ ಇಟ್ಟುಕೊಂಡಿದ್ದೆನೋ ಏನೋ. ಡಾಕ್ಟರ ಮುಂದೆ ಎರಡೂ ಒಂದೇ ಎಂದು ಹೊಳೆಯಿತು. ಆದರೂ ಬಾಯಿ ಬಿಡಲಿಲ್ಲ. ಮನೆಗೆ ಬಂದು, ಯಾರೂ ನೋಡದ ಹಾಗೆ ರಟ್ಟು ಕಿತ್ತು ಹಾಕಿದೆ. ಬಚ್ಚಲಲ್ಲಿ ಜಾಗ ಸಾಲದು ಎಂಬ ನೆಪ ಹೇಳಿ ಗೀಸರನ್ನು ಹಿತ್ತಲ ಕಡೆಯ ಹೊರಗೋಡೆಗೆ ಹಾಕಿಸಿದೆ.

ಆದರೆ ಹೆಂಡತಿಯ ಪಾಲಿಗೆ ಅದು ಅಲ್ಲಿಗೆ ಮುಗಿಯಲಿಲ್ಲ. "ಅಮ್ಮಾ, ಇನ್ಮೇಲೆ ಮಗೂಗೆ ನೀನು ನೀರು ಹಾಕೋದು ಬೇಡ. ತಲೆ ತಿರುಗಿ ಬಿದ್ರೆ ಮಗು ಗತಿ ಏನು?" ಎಂದಳು ಮಗಳು. ಮೊಮ್ಮಗಳು ಬಂದಾಗಲೆಲ್ಲ ಹೆಂಡತಿ ಬಚ್ಚಲ ಹೊರಗೆ ಟವೆಲ್ ಹಿಡಿದು ನಿಲ್ಲುತ್ತಿದ್ದಳು. ಒಳಗೆ ಮಗುವಿನ ನಗು ಕೇಳಿದರೆ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು, ಹಾಗೇ ನಿಲ್ಲುತ್ತಿದ್ದಳು. "ನನ್ನ ಮೈನ ನಾನೇ ನಂಬೋ ಹಂಗಿಲ್ಲ ಕಣ್ರೀ" ಎಂದಳು ಒಮ್ಮೆ. ನಾನು ಪೇಟೆಗೆ ಹೋಗಿ ಟಾನಿಕ್ ತಂದೆ.

ಈ ಸಲ ಹಬ್ಬಕ್ಕೆ ಅವಳೇ ಎಣ್ಣೆ ಬಿಸಿ ಮಾಡಿದಳು. ಬಟ್ಟಲನ್ನು ಮಗಳ ಕೈಗೆ ಕೊಟ್ಟು ತಾನು ಟವೆಲ್ ಹುಡುಕಲು ಹೊರಟಳು. ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ.

"ನಿನ್ನ ಮೈಗೇನೂ ಆಗಿಲ್ಲ ಮಾರಾಯ್ತಿ. ಅವತ್ತು ಕಿಂಡಿ ಮುಚ್ಚಿದ್ದು ನಾನು. ಗೀಸರಿನ ಗಾಳಿ ಹೊರಗೆ ಹೋಗ್ಲಿಲ್ಲ. ನೀನು ಬಿದ್ದಿದ್ದು ಅದಕ್ಕೆ."

"ಮಗೂನೂ ತಲೆನೋವು ಅಂತಿತ್ತಲ್ಲಪ್ಪ ಅವತ್ತು" ಎಂದಳು ಮಗಳು. "ಡಾಕ್ಟರ್ ಹತ್ರ ಆದ್ರೂ ಹೇಳ್ಬಾರ್ದಿತ್ತಾ?"

ಹೆಂಡತಿ ಟವೆಲ್ ಹುಡುಕುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಟಾನಿಕ್ ಬೇರೆ ಕುಡಿಸಿದ್ರಲ್ರೀ, ದಿನಾ ಚಮಚದಲ್ಲಿ ಅಳ್ದು."

ಅಷ್ಟು ಹೇಳಿ, ಮಗಳ ಕೈಯಿಂದ ಎಣ್ಣೆಬಟ್ಟಲನ್ನು ವಾಪಸು ತೆಗೆದುಕೊಂಡಳು. ಮಗಳು ಮಗುವನ್ನು ಅವಳ ಮುಂದೆ ಕೂರಿಸಿದಳು.

ಬಚ್ಚಲೊಳಗಿಂದ ನೀರಿನ ಸದ್ದು, ಮಗುವಿನ ದನಿ: "ಅಜ್ಜೀ, ಕಿಂಡಿಯಿಂದ ಚಳಿ ಬರ್ತಿದೆ."

"ಬರ್ಲಿ ಬಿಡು ಪುಟ್ಟಿ. ಅಜ್ಜ ಹೊರಗೆ ಟವೆಲ್ ಹಿಡ್ಕೊಂಡು ನಿಂತಿದಾರೆ."

ನಿಂತಿದ್ದೆ.