ಸೋಮವಾರದ ಊಟ ಕೇಳಿದ ಡಾಕ್ಟರು

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹಳೇಕೋಟೆಯಿಂದ ಹಾಸನಕ್ಕೆ ಹೋದಾಗ ನನ್ನ ಕಣ್ಣಿಗೆ ಔಷಧಿ ಬಿಟ್ಟವಳು ರೂಪಶ್ರೀ. ಕಟ್ಟಾಯದ ಕಡೆಯ ಹುಡುಗಿ, ತೆಳ್ಳಗೆ, ಕೂದಲನ್ನು ಮೇಲೆತ್ತಿ ಕ್ಲಿಪ್ಪು ಹಾಕಿರುತ್ತಿದ್ದಳು. ಆಮೇಲೆ ಸೊಸೆಯ ಹೆರಿಗೆಗೆ ಹೋದರೆ ಅಲ್ಲೂ ಅವಳೇ ಮಗುವನ್ನು ಕೈಗೆ ಕೊಟ್ಟಳು. ಅಕ್ಕತಂಗಿಯರು ಇಬ್ಬರಿರಬೇಕು ಅಂದುಕೊಂಡೆ. ಮೊಮ್ಮಗನಿಗೆ ಜ್ವರ ಬಂದಾಗ ಮಕ್ಕಳ ವಾರ್ಡಿನಲ್ಲೂ ಕಂಡಳು. ತಡೆಯಲಾರದೆ ಕೇಳಿಯೇ ಬಿಟ್ಟೆ.

ಡಾಕ್ಟರ ಓದು ಮುಗಿದ ಮೇಲೆ ಇನ್ನೂ ಮೂರು ವರ್ಷ ಕಲಿಯುವುದಂತೆ. ಕೆಲವು ತಿಂಗಳು ಒಂದು ವಾರ್ಡು, ಆಮೇಲೆ ಇನ್ನೊಂದು, ಕೊನೆಗೆ ಹಳ್ಳಿ ಆಸ್ಪತ್ರೆ. ಒಂದು ಮನೆಯ ಕೂಸಿನಿಂದ ಮುದುಕಿಯವರೆಗೆ ಎಲ್ಲರನ್ನೂ ನೋಡಬಲ್ಲವಳಾಗಬೇಕು. ಮನುಷ್ಯರ ತಲೆಗೆ ಇಷ್ಟೆಲ್ಲ ಹಿಡಿಸುತ್ತದಾ ಎಂದು ನಾನು ಬಾಯಿ ಬಿಟ್ಟುಕೊಂಡು ಕೂತೆ. ಅವಳ ಮನೆಯಲ್ಲಿ ಮಾತ್ರ ಇದು ತಮಾಷೆ. "ಎಲ್ಲಾ ವಾರ್ಡ್ಗೂ ನೆಂಟ್ರಂಗೆ ಓಗ್ ಬತ್ತೀಯಲ್ಲ, ನೀನ್ ಯಾವುದರ ಡಾಕ್ಟ್ರಮ್ಮ?" ಎಂದು ಅವರಪ್ಪ ರುದ್ರಯ್ಯ ಕೇಳುತ್ತಿದ್ದರಂತೆ.

ಹೋದ ವರ್ಷ ಆಸ್ಪತ್ರೆಯವರೇ ನಡೆಸುವ ಪರೀಕ್ಷೆಯಲ್ಲಿ ಅವಳು ಫೇಲಾದಳು. ರೋಗ ಯಾವುದೆಂದು ಸರಿಯಾಗಿ ಹೇಳಿದ್ದಳು, ರೋಗಿ ಯಾರೆಂದು ಹೇಳಲಿಲ್ಲ ಎಂದರಂತೆ ಪರೀಕ್ಷೆ ಮಾಡಿದ ವರ್ಧಮಾನ ಡಾಕ್ಟರು. ಅವರು ಚನ್ನರಾಯಪಟ್ಟಣದವರು, ಜೈನರು, ಮಾತು ಕಮ್ಮಿ. ಈ ಸಲವೂ ಫೇಲಾದರೆ ಓದಿದ್ದು ಸಾಕು, ಮನೆಗೆ ಬಂದು ಊರಲ್ಲಿ ಕ್ಲಿನಿಕ್ ಹಾಕಿಕೋ ಎಂದು ರುದ್ರಯ್ಯ ಕಡ್ಡಿ ಮುರಿದಂತೆ ಹೇಳಿದ್ದರು.

ಈ ವರ್ಷದ ಪರೀಕ್ಷೆಗೆ ಸಕ್ಕರೆ ಕಾಯಿಲೆಯ ರೋಗಿ ಬೇಕೆಂದು, ಅಲ್ಲೇ ಮಾತ್ರೆ ತಗೊಳ್ಳುತ್ತಿದ್ದ ನನ್ನನ್ನೇ ಕರೆಸಿದರು. ಕಾಯಿಲೆ ಹೆಸರು ಹೇಳಬಾರದು, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಎಂದು ನರ್ಸಮ್ಮ ತಾಕೀತು ಮಾಡಿದ್ದಳು. ನಾನು ತುಟಿ ಬಿಗಿದುಕೊಂಡು ಮಂಚದ ಮೇಲೆ ಕೂತೆ. ಒಳಗೆ ಬಂದವಳು ರೂಪಶ್ರೀ. ವರ್ಧಮಾನ ಡಾಕ್ಟರು ಕಿಟಕಿ ಪಕ್ಕ ನಿಂತಿದ್ದರು.

ಅವಳು ನಾಡಿ ನೋಡಿದಳು, ಅಂಗಾಲು ಮುಟ್ಟಿ ನೋಡಿದಳು, ಹೆಬ್ಬೆರಳಿಗೆ ಚುಚ್ಚಿ ನೋವಾಗುತ್ತಾ ಎಂದಳು. ಎಲ್ಲ ಮುಗಿಯಿತು. ಹೋದ ಸಲದ ಹಾಗೆ ರೋಗದ ಹೆಸರಷ್ಟೇ ಹೇಳಿ ಹೋಗಿಬಿಡುತ್ತಾಳೇನೋ ಅಂದುಕೊಂಡೆ. ಆಗ ಅವಳು ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತಳು.

"ಅಜ್ಜಿ, ನೆನ್ನೆ ರಾತ್ರಿ ಏನ್ ಉಂಡ್ರಿ?"

"ನೆನ್ನೆ ಸೋಮವಾರ ಅಲ್ವಾ ಕಣವ್ವ. ನಂಗೆ ಒಪ್ಪತ್ತು. ರಾತ್ರಿ ಏನೂ ಇಲ್ಲ."

"ರಾತ್ರಿ ಮಾತ್ರೆ?"

"ಅದ ಬಿಟ್ಟೇನಾ? ಒಂದಿನಾನೂ ತಪ್ಪಿಸ್ಬ್ಯಾಡಿ ಅಂದವ್ರೆ."

ಅವಳು ನನ್ನ ಮುಖವನ್ನೇ ನೋಡಿದಳು. "ಮಂಗಳವಾರ ಬೆಳಿಗ್ಗೆ ಎದ್ದಾಗ ಬೆವರುತ್ತಾ? ತಲೆ ಸುತ್ತುತ್ತಾ?"

ಮಂಗಳವಾರ ಬೆಳಿಗ್ಗೆ ನಾನು ಕೊಟ್ಟಿಗೆಯ ಕಂಬ ಹಿಡಿದು ನಿಲ್ಲುತ್ತಿದ್ದೆ. ವಯಸ್ಸಾಯಿತು ಅಂದುಕೊಂಡು ಸೊಸೆಗೂ ಹೇಳಿರಲಿಲ್ಲ. ಹಾಸನದಲ್ಲಿ ಕೂತ ಈ ಹುಡುಗಿಗೆ ಹಳೇಕೋಟೆಯ ಕಂಬ ಹೇಗೆ ಕಂಡಿತು?

ಊಟವಿಲ್ಲದೆ ಮಾತ್ರೆ ನುಂಗಿದರೆ ಸಕ್ಕರೆ ತೀರ ಇಳಿದುಹೋಗುತ್ತದೆ, ಸೋಮವಾರ ರಾತ್ರಿಯ ಮಾತ್ರೆ ಬೇರೆ ಮಾಡಬೇಕು ಎಂದು ಅವಳು ಡಾಕ್ಟರಿಗೆ ಹೇಳಿದಳು. ಅವರು ನನ್ನ ಕಡೆ ತಿರುಗಿ, ಒಪ್ಪತ್ತು ಬಿಡುತ್ತೀರಾ ಎಂದು ಕೇಳಿದರು.

"ಆಗಕಿಲ್ಲ ಸಾ. ನಮ್ಮ ಯಜಮಾನ್ರು ತೀರ್ಕಂಡ ಮ್ಯಾಲೆ ಇಡ್ದಿದ್ದು."

"ಬಿಡಿ ಅಂತ ನಾನೂ ಹೇಳಲ್ಲ ಸರ್," ಎಂದಳು ರೂಪಶ್ರೀ.

ವರ್ಧಮಾನ ಡಾಕ್ಟರು ತಟ್ಟನೆ ಹೊರಗೆ ಹೋದರು. ರೂಪಶ್ರೀ ತಲೆ ತಗ್ಗಿಸಿ ಉಗುರು ನೋಡುತ್ತಾ ಕೂತಳು. ಇದೂ ಹೋಯಿತು ಅಂದುಕೊಂಡಿರಬೇಕು. ನಾನು ಅವಳ ಕೈ ಹಿಡಿದುಕೊಂಡೆ. ಜಗಲಿಯಿಂದ ಅವರು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಅಮ್ಮಾ, ಉಪವಾಸದ ದಿನ ಶುಗರ್ ಮಾತ್ರೆ ಏನ್ಮಾಡ್ತೀರಾ?... ತಗೋತೀರಾ? ಇಷ್ಟು ವರ್ಷದಿಂದಲೂನಾ?"

ಒಳಗೆ ಬಂದಾಗ ಅವರ ಮುಖ ಬೇರೆಯೇ ಆಗಿತ್ತು. ಮುಂದಿನ ವಾರ ಅರಕಲಗೂಡಿನ ಕಡೆ ಹಳ್ಳಿ ಆಸ್ಪತ್ರೆಗೆ ಹೋಗಲು ತಯಾರಾಗು ಎಂದಷ್ಟೇ ಅವಳಿಗೆ ಹೇಳಿದರು. ಪಾಸಾಗದಿದ್ದರೆ ಅಲ್ಲಿಗೆ ಕಳಿಸುವುದಿಲ್ಲವಂತೆ. ರೂಪಶ್ರೀ ಎದ್ದು ನಿಂತವಳು ಮತ್ತೆ ಕೂತು, ಬ್ಯಾಗಿನಿಂದ ತನ್ನ ಡಬ್ಬಿ ತೆಗೆದು ಅಕ್ಕಿರೊಟ್ಟಿಯನ್ನು ನನ್ನ ಮಡಿಲಿಗಿಟ್ಟಳು. ನಾನು ತಿಂದು ಮುಗಿಸುವವರೆಗೆ ಅಲ್ಲಾಡಲಿಲ್ಲ.

ಮಗಳು ಯಾವುದರ ಡಾಕ್ಟರು ಎಂದು ನೆಂಟರು ಕೇಳಿದರೆ ರುದ್ರಯ್ಯ ಈಗಲೂ ತಡಕಾಡುತ್ತಾರಂತೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ಮನೆಮಂದಿಗೆಲ್ಲ ಡಾಕ್ಟರು ಅಂತ.