ಅಂಜಿನಮ್ಮನ ಮೂರು ದಿನ

ಅಂಜಿನಮ್ಮನ ವಿಷಯ ಹೇಳಬೇಕೆಂದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಮಾತು ಬರುತ್ತದೆ. ಇಷ್ಟು ವರ್ಷವಾದರೂ ಹಾಗೇ. ಸಮಾಧಾನವಾಗಿ ಹೇಳುವವರು ಬೇಕಿದ್ದರೆ ಬೇರೆಯವರನ್ನು ಕೇಳಿ.

ನಾವು ಗದಗದ ಕಡೆಯವರು. ನಮ್ಮ ಮನೆಯವರು ಫಕೀರಪ್ಪನವರಿಗೆ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದಾಗ ಮತ್ತಿಕೆರೆಗೆ ಬಂದು ಅಂಜಿನಮ್ಮನ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ಮತ್ತಿಕೆರೆ ಆಗ ಅರ್ಧ ಹಳ್ಳಿ, ಅರ್ಧ ಊರು. ಅಂಜಿನಮ್ಮನ ಗಂಡ ಬೈರಣ್ಣ ಹಿಂದೆ ಸೊಪ್ಪು, ಕನಕಾಂಬರ ಬೆಳೆಯುತ್ತಿದ್ದ ನೆಲದಲ್ಲಿ ಯಾರ್ಯಾರೋ ಮನೆ ಕಟ್ಟಿಕೊಂಡಿದ್ದರು. ಉಳಿದದ್ದು ನಾಲ್ಕು ಹಸು, ನಮ್ಮಂಥ ಬಾಡಿಗೆಯವರು, ಮತ್ತೆ ಹಿತ್ತಲಿನ ಬೇವಿನ ಮರದ ಕೆಳಗೆ ಅವರ ಮನೆತನದ ಮಾರಮ್ಮನ ಪುಟ್ಟ ಗುಡಿ.

ಆ ಗುಡಿಯ ದೀಪವನ್ನು ಮನೆಯ ಸೊಸೆಯೇ ಹಚ್ಚಬೇಕು ಅನ್ನುವುದು ಅವರ ಕಟ್ಟಳೆ. ಅಲ್ಲಾಳಸಂದ್ರದಿಂದ ಹದಿನಾರರ ಹುಡುಗಿಯಾಗಿ ಬಂದ ದಿನವೇ ಅತ್ತೆ ಎಣ್ಣೆಯ ಗಿಂಡಿಯನ್ನು ಅಂಜಿನಮ್ಮನ ಕೈಗೆ ಕೊಟ್ಟರಂತೆ. ಅತ್ತೆ ತೀರಿಹೋದರು, ಓರಗಿತ್ತಿಯೂ ತೀರಿಹೋದಳು, ಗಿಂಡಿ ಅಂಜಿನಮ್ಮನ ಕೈಯಲ್ಲೇ ಉಳಿಯಿತು. ಬೆಳಗ್ಗೆ ಹಾಲು ಕರೆಯುವ ಮುಂಚೆ ಗುಡಿ ಗುಡಿಸಿ, ಬತ್ತಿ ಹೊಸೆದು, ದೀಪ ಹಚ್ಚುತ್ತ ಆ ದೇವಿಯ ಜೊತೆ ಜಗಳ ಆಡುತ್ತಿದ್ದಳು. "ಏನವ್ವಾ, ರಾತ್ರಿಯೆಲ್ಲಾ ಎಲ್ಲಿಗೋಗಿದ್ದೆ, ಮಕದ ಮ್ಯಾಲೆಲ್ಲಾ ಧೂಳು" ಅಂತ. ನಾನು ಕೋಣೆಯೊಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಗಂಡನ ಹತ್ತಿರ ಆಡಲಾಗದ ಮಾತನ್ನೂ ಅವಳು ಅಲ್ಲಿ ಆಡುತ್ತಿದ್ದಳು. ಅವಳ ಬದುಕಿನಲ್ಲಿ ಅವಳದೇ ಅನ್ನುವ ಜಾಗ ಇದ್ದರೆ ಅದೊಂದೇ.

ತಿಂಗಳಿಗೆ ಮೂರು ದಿನ ಅವಳು ಹೊರಗೆ ಕೂತಾಗ ಮಾತ್ರ ದೀಪ ಹಚ್ಚುವ ಕೆಲಸ ಬಾವ ದೊಡ್ಡಮುನಿಯಪ್ಪನವರ ಮೇಲೆ ಬೀಳುತ್ತಿತ್ತು. ಇವರು ಬೈರಣ್ಣನ ಅಣ್ಣ, ಗುಡಿಯ ಪೂಜಾರಿ. ಪೂಜಾರಿ ಅಂದರೆ ಮಂಗಳವಾರ, ಶುಕ್ರವಾರ ಬಿಸಿಲೇರಿದ ಮೇಲೆ ಬಂದು ಮಂಗಳಾರತಿ ಎತ್ತಿ, ತೆಂಗಿನಕಾಯಿ ಹೋಳು ಚೀಲಕ್ಕೆ ಹಾಕಿಕೊಂಡು ಹೋಗುವವರು. ಚಳಿಯಲ್ಲಿ ಎದ್ದು ದೀಪ ಹಚ್ಚುವ ಆ ಮೂರು ದಿನ ಅವರ ಗೊಣಗಾಟ ಬೀದಿಗೆಲ್ಲ ಕೇಳಿಸುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ಅಂಜಿನಮ್ಮನಿಗೆ ಮೂವತ್ತೆಂಟು. ಮುಟ್ಟು ಬಂದರೆ ನಿಲ್ಲುತ್ತಲೇ ಇರಲಿಲ್ಲ. ತಿಂಗಳಲ್ಲಿ ಅರ್ಧಕ್ಕರ್ಧ ಹೊರಗೇ ಕೂತಿರುತ್ತಿದ್ದಳು. ಮುಖ ಬಿಳಿಚಿಕೊಂಡು, ಕೊಡ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಮನೆಯ ಹೆಂಗಸಿನ ರಕ್ತ ಹರಿದುಹೋಗುತ್ತಿದೆ ಅನ್ನುವ ಚಿಂತೆ ಆ ಮನೆಯಲ್ಲಿ ಯಾರಿಗೂ ಹುಟ್ಟಲಿಲ್ಲ. ದೀಪ ಹಚ್ಚುವುದು ಅರ್ಧ ತಿಂಗಳು ತನ್ನ ತಲೆಗೆ ಬಂತಲ್ಲ ಅನ್ನುವ ಚಿಂತೆ ಬಾವನಿಗೆ ಹುಟ್ಟಿತು. ಕೊನೆಗೆ ನಾನೇ ಬೈರಣ್ಣನನ್ನು ಬೈದು, ಇಬ್ಬರನ್ನೂ ಕರೆದುಕೊಂಡು ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆ.

ಡಾಕ್ಟರಮ್ಮ ಕೆಟ್ಟವರಲ್ಲ. ಗರ್ಭಕೋಶದಲ್ಲಿ ಗಡ್ಡೆಗಳಿವೆ, ತೆಗೆಯದೆ ಗತ್ಯಂತರವಿಲ್ಲ ಅಂದರು. ಅದನ್ನು ಹೇಳಿದ್ದು ಮಾತ್ರ ಬೈರಣ್ಣನ ಮುಖ ನೋಡಿ. "ಪಕ್ಕದಲ್ಲಿ ಬಾದಾಮಿ ಗಾತ್ರದ ಎರಡು ಅಂಡಾಶಯ ಇರುತ್ತೆ. ಅವು ಚೆನ್ನಾಗಿದ್ರೆ ಬಿಡಬಹುದು. ಮುಂದೆ ಅದರಲ್ಲೇನಾದ್ರೂ ಕ್ಯಾನ್ಸರ್ ಆದೀತು ಅಂತ ಕೆಲವರು ಈಗ್ಲೇ ತೆಗೆಸ್ತಾರೆ. ಮನೇಲಿ ಮಾತಾಡ್ಕೊಂಡು ಬಂದು ಹೇಳಿ." ಹೊಟ್ಟೆ ಯಾರದು, ಮಾತಾಡಿಕೊಳ್ಳುವವರು ಯಾರು? ಬೈರಣ್ಣ ಶಾಲೆಯ ಹುಡುಗನ ಹಾಗೆ ತಲೆ ಆಡಿಸಿದ.

ಆಗ ಅಂಜಿನಮ್ಮ ಬಾಯಿ ಬಿಟ್ಟಳು. "ಡಾಕ್ಟ್ರಮ್ಮ, ನಮ್ಮಕ್ಕಂಗೂ ಚೀಲ ತೆಗೆದ್ರು. ಆಮ್ಯಾಕೆ ಅವ್ಳು ಅವ್ಳಾಗಿ ಉಳೀಲಿಲ್ಲ. ನಂಗೂ ಅಂಗೇ ಆಯ್ತದಾ?"

ಅಕ್ಕ ಯಲ್ಲಮ್ಮನನ್ನು ನಾನೂ ಕಂಡಿದ್ದೆ. ಮೂವತ್ತೆರಡಕ್ಕೆ ಆಪರೇಷನ್ ಆಗಿತ್ತು. ಏನೇನು ತೆಗೆದರು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅದಾದ ಮೇಲೆ ಮಾಗಿಯ ಚಳಿಯಲ್ಲೂ ಮೈಯೆಲ್ಲ ಬೆಂಕಿಯಾಗಿ, ಬೆವರು ಇಳಿದು, ಅಲ್ಲಾಳಸಂದ್ರದ ಕೆರೆ ಏರಿಯ ಮೇಲೆ ಹೋಗಿ ಒಬ್ಬಳೇ ಕೂರುತ್ತಿದ್ದಳು. ನಿದ್ದೆ ಹೋಯಿತು. ಕಾರಣವಿಲ್ಲದೆ ಅಳು ಬರುತ್ತಿತ್ತು. ಅಂಗಳದಲ್ಲಿ ಸುಮ್ಮನೆ ಜಾರಿದ್ದಕ್ಕೆ ಮುಂಗೈ ಮುರಿಯಿತು. ಮನೆಯವರು ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪಿನಲ್ಲಿ ಬಡಿಸಿದರು. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ. ಡಾಕ್ಟರು ತೆಗೆದದ್ದಕ್ಕೆ ಅವಳಿಗೆ ಏಟು.

ಎಲ್ಲ ಕೇಳಿದ ಡಾಕ್ಟರಮ್ಮ ಮೊದಲ ಸಲ ಅಂಜಿನಮ್ಮನ ಕಡೆ ತಿರುಗಿದರು. "ನಿಮ್ಮಕ್ಕನಿಗೆ ಅಂಡಾಶಯಾನೂ ತೆಗೆದಿರ್ಬೇಕು. ಅದು ಹೋದ್ರೆ ಮುಟ್ಟು ನಿಲ್ಲೋ ವಯಸ್ಸಿನ ಕಷ್ಟ ಎಲ್ಲಾ ಒಂದೇ ಸಲ ಮೈಮೇಲೆ ಬರುತ್ತೆ. ಬಿಟ್ರೆ ಸಾಮಾನ್ಯವಾಗಿ ಹಂಗಾಗಲ್ಲ. ಮುಟ್ಟು ಬರಲ್ಲ ಅಷ್ಟೇ, ತಿಂಗಳು ತಿಂಗಳು ಅದರ ಕೆಲಸ ಅದು ಒಳಗೇ ಮಾಡ್ತಾ ಇರುತ್ತೆ."

"ಅಂಗಾದ್ರೆ ಅವು ಇರ್ಲಿ" ಅಂದಳು ಅಂಜಿನಮ್ಮ. ನನ್ನ ಲೆಕ್ಕದಲ್ಲಿ ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಬೈರಣ್ಣ ಮನೆಗೆ ಬಂದವನೇ ಡಾಕ್ಟರಮ್ಮನ ಮಾತನ್ನು ಗಿಣಿಪಾಠದ ಹಾಗೆ ಅಣ್ಣನಿಗೆ ಒಪ್ಪಿಸಿದ. ತಿಂಗಳು ತಿಂಗಳು ಒಳಗೇ ನಡೆಯುತ್ತಿರುತ್ತದಂತೆ ಅನ್ನುವುದು ಕಿವಿಗೆ ಬಿದ್ದದ್ದೇ ದೊಡ್ಡಮುನಿಯಪ್ಪನವರು ಜಗಲಿಯ ಮೇಲೆ ನೆಟ್ಟಗೆ ಕೂತರು.

"ನೋಡಮ್ಮ, ಇಷ್ಟು ದಿನ ಈಚೆಗಾದ್ರೆ ಕಣ್ಣಿಗೆ ಕಾಣ್ತಿತ್ತು, ದೂರ ಕೂರ್ತಿದ್ದೆ. ಇನ್ಮ್ಯಾಕೆ ಕಾಣಾಕಿಲ್ಲ, ಆದ್ರೆ ಒಳಗೆ ನಡೀತಾನೇ ಇರ್ತದೆ. ಯಾವ ಮೂರ್ ದಿನ ಅಂತ ನಮಗೆಂಗ್ ಗೊತ್ತಾಗ್ಬೇಕು? ಗೊತ್ತಿಲ್ದೆ ಆ ದಿನ ದೀಪ ಮುಟ್ಟಿದ್ರೆ ಅಮ್ಮ ಸುಮ್ಕೆ ಬಿಡ್ತಾಳಾ? ಎಲ್ಲಾ ಒಟ್ಟಿಗೆ ತೆಗೆಸ್ಬಿಡು. ಮೂವತ್ತು ದಿನಾನೂ ನಿರಾಳವಾಗಿ ದೀಪ ಅಚ್ಚು."

ಕೇಳಿ ನನ್ನ ಮೈ ಉರಿಯಿತು. ದೇವರ ಹೆಸರು ಬಾಯಲ್ಲಿ, ಬೆಳಗಿನ ನಿದ್ದೆ ಮನಸ್ಸಿನಲ್ಲಿ. ಆ ಮೂರು ದಿನವೂ ತಾನು ಏಳಬಾರದು, ಅದಕ್ಕೆ ಒಬ್ಬ ಹೆಂಗಸಿನ ಹೊಟ್ಟೆಯಿಂದ ಚೆನ್ನಾಗಿರುವುದನ್ನೂ ಕೊಯ್ದು ತೆಗೆಯಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಜಗಲಿಯ ಮೇಲೆ ಅದನ್ನು ಕಣ್ಣಾರೆ ಕಂಡೆ. "ಯಜಮಾನ್ರ, ಆಕಿ ಮೈ ಆಕಿದು, ನಿಮ್ಮ ಗುಡಿ ಆಸ್ತಿ ಅಲ್ರಿ" ಅಂದೆ. ಬಾಡಿಗೆಯವಳು ಬಾಯಿ ಹಾಕಬಾರದು ಅಂತ ಅವರು ನನ್ನ ಕಡೆ ನೋಡಲೂ ಇಲ್ಲ.

ಅಂಜಿನಮ್ಮ ಹಸುವಿಗೆ ಬೂಸಾ ಕಲಸುತ್ತಿದ್ದವಳು ಕೈ ಒರೆಸಿಕೊಂಡು ಎದ್ದು ನಿಂತಳು. ದನಿ ಏರಿಸಲಿಲ್ಲ. ಬಾವನ ಎದುರು ಸೆರಗನ್ನೂ ಸರಿಮಾಡಿಕೊಂಡಳು.

"ಬಾವ, ಗುಡಿ ಒಳಗೆ ಕುಂತಿರೋಳು ಹೆಂಗಸಲ್ವಾ? ಅವ್ಳದ್ನ ಯಾವ ಡಾಕ್ಟ್ರು ತೆಗೆದವ್ರೆ? ಅವ್ಳ ಮೂರ್ ದಿನ ಯಾವ್ದು ಅಂತ ನಿಮಗೆ ಗೊತ್ತಾ? ಗೊತ್ತಿಲ್ದೇನೇ ಮಂಗ್ಳವಾರ ಮಂಗ್ಳವಾರ ಅವ್ಳ ಮೈ ಮುಟ್ಟಿ ಪೂಜೆ ಮಾಡ್ತಿದ್ದೀರಲ್ಲ."

ದೊಡ್ಡಮುನಿಯಪ್ಪನವರು ಪಂಚೆ ಕೊಡವಿಕೊಂಡು ಎದ್ದುಹೋದರು. ಗೆದ್ದೆವು ಅಂದುಕೊಂಡೆ ನಾನು. ಉತ್ತರ ಕೊಡದೆ ಎದ್ದುಹೋಗುವ ಗಂಡಸು ಬೇರೆ ದಾರಿ ಹುಡುಕಲು ಹೋಗಿರುತ್ತಾನೆ ಅನ್ನುವ ಬುದ್ಧಿ ನನಗೆ ಆಗ ಇರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಅಡ್ಮಿಟ್ ಆದಳು. ಸಂಜೆ ಡಾಕ್ಟರಮ್ಮ ರೌಂಡ್ಸಿಗೆ ಬಂದು, ನಾಡಿ ಹಿಡಿದು ನೋಡುತ್ತ, "ಹಂಗಾದ್ರೆ ನಾಳೆ ಎಲ್ಲಾ ತೆಗೀತೀವಿ. ನಿಮ್ಮ ಮನೆಯ ಹಿರಿಯರು ಬಂದು ಹೇಳಿ ಹೋದ್ರು" ಅಂದರು. ನಾನು ಸೌತೆಕಾಯಿ ಹೆಚ್ಚುತ್ತ ಕೂತಿದ್ದವಳು ಚಾಕು ಕೆಳಗಿಟ್ಟೆ.

ಅಂಜಿನಮ್ಮ ಮಂಚದಿಂದ ಇಳಿದು ಚಪ್ಪಲಿ ಮೆಟ್ಟಿದಳು. ಬಟ್ಟೆಯ ಗಂಟು ಕಂಕುಳಿಗೆ ಬಂತು. "ರತ್ನವ್ವ, ನಡಿ, ಬಸ್ಸಿಗೋಗಾನ. ರಕ್ತ ಓಗಿ ಸಾಯೋದಾದ್ರೆ ಮನೇಲೇ ಸಾಯ್ತೀನಿ. ನಮ್ಮಕ್ಕನಂಗೆ ಬದುಕಾಕಿಲ್ಲ."

ಡಾಕ್ಟರಮ್ಮನಿಗೆ ಆಗ ಅರ್ಥವಾಯಿತು. ಅವಳ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. "ನಿಮ್ಮನ್ನೇ ಕೇಳ್ಬೇಕಿತ್ತು, ತಪ್ಪಾಯ್ತು. ಈಗ ನೀವೇ ಹೇಳಿ. ಒಳಗೆ ನೋಡಿದಾಗ ಅಂಡಾಶಯ ಕೆಟ್ಟಿದ್ರೆ ತೆಗೀಲೇಬೇಕಾಗುತ್ತೆ. ಚೆನ್ನಾಗಿದ್ರೆ?"

"ಕೆಟ್ಟಿದ್ರೆ ತೆಗೀರಿ. ಚೆನ್ನಾಗಿದ್ರೆ ಮುಟ್ಟಬ್ಯಾಡಿ."

ಬೈರಣ್ಣ ಕಿಟಕಿಯ ಹತ್ತಿರ ನಿಂತಿದ್ದ. ಹೆಂಡತಿಯ ಪರವಾಗಿ ಒಂದು ಮಾತು ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? "ಅಣ್ಣಂಗೆ ಏನ್ ಏಳ್ಲಿ?" ಅಂದ. ಅಂಜಿನಮ್ಮ ಬಟ್ಟೆಯ ಗಂಟನ್ನು ಮಂಚದ ಕೆಳಗಿಟ್ಟಳು. "ನೀವೇನೂ ಏಳ್ಬ್ಯಾಡಿ. ನಾನೇ ಏಳ್ತೀನಿ" ಅಂದಳು.

ಅಂಡಾಶಯಗಳು ಚೆನ್ನಾಗಿದ್ದವು, ಉಳಿದವು. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದ ಮೇಲೆ ಬಾವನಿಗೆ ಅವಳೇ ಹೇಳಿದಳು. ಅವರು ಒಳಗೆ ಹೋಗಿ ಗೂಡಿನಲ್ಲಿದ್ದ ಎಣ್ಣೆ ಗಿಂಡಿಯನ್ನೂ ಗುಡಿಯ ಬೀಗದ ಕೈಯನ್ನೂ ತೆಗೆದುಕೊಂಡರು. "ಯಾವ ಮೂರ್ ದಿನ ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಇನ್ಮ್ಯಾಕೆ ದೀಪದ ತಂಟೆಗೆ ಬರ್ಬ್ಯಾಡ" ಅಂದರು. ಗೊತ್ತಿದ್ದ ಮೂರು ದಿನ ಹೊರಗೆ ಕೂರುತ್ತಿದ್ದವಳು, ಗೊತ್ತಿಲ್ಲದ ಮೂರು ದಿನದ ನೆಪದಲ್ಲಿ ವರ್ಷಪೂರ್ತಿ ಹೊರಗಾದಳು. ಇಂಥ ನ್ಯಾಯವನ್ನು ಯಾವ ಊರಿನಲ್ಲಿ ಕಲಿತರೋ ನನಗೆ ತಿಳಿಯದು.

ಅಂಜಿನಮ್ಮ ಆ ಹೊತ್ತು ಅಳಲಿಲ್ಲ. ಮಾರನೆಯ ಬೆಳಗ್ಗೆ ಅಭ್ಯಾಸಬಲದಿಂದ ಎದ್ದು, ಬತ್ತಿ ಹೊಸೆಯಲು ಕೂತು, ಹತ್ತಿ ಕೈಯಲ್ಲಿ ಹಿಡಿದುಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತು ಅವರೆಲ್ಲರನ್ನೂ ಬಾಯಿಗೆ ಬಂದ ಹಾಗೆ ಬೈದೆ. ಬೈದರೆ ಅವಳಿಗೆ ಸಮಾಧಾನವಾಗಲಿಲ್ಲ, ನನಗೆ ಸ್ವಲ್ಪ ಆಯಿತು.

ಒಂದು ಮಾತ್ರ ದೊಡ್ಡಮುನಿಯಪ್ಪನವರು ಯೋಚಿಸಿರಲಿಲ್ಲ. ದೀಪ ಹಚ್ಚುವವರು ಇನ್ನು ಯಾರು? ಮನೆಯಲ್ಲಿ ಬೇರೆ ಸೊಸೆ ಇಲ್ಲ. ಅಲ್ಲಿಂದ ಮುಂದೆ ಮೂವತ್ತು ದಿನವೂ ಅವರೇ ಏಳಬೇಕಾಯಿತು. ಮಾಡಿದ್ದುಣ್ಣೋ ಮಹಾರಾಯ. ಮಳೆಯಿರಲಿ, ಮಂಜಿರಲಿ, ಕಂಬಳಿ ಹೊದ್ದು, ಕೆಮ್ಮುತ್ತ, ಗಿಂಡಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. ನಾನು ಬೇಕೆಂದೇ ಬಾಗಿಲು ತೆಗೆದು ನೋಡುತ್ತಿದ್ದೆ. ಆದರೆ ಅಂಜಿನಮ್ಮ ಒಂದು ದಿನವೂ ನೋಡಲಿಲ್ಲ, ನಗಲೂ ಇಲ್ಲ. ಆ ಹೊತ್ತಿನಲ್ಲಿ ಅವಳು ಹಸುಗಳ ಹತ್ತಿರ ಇರುತ್ತಿದ್ದಳು. ಮೈಯಲ್ಲಿ ರಕ್ತ ತುಂಬಿಕೊಂಡಿತು, ಎರಡು ಕೊಡ ಒಟ್ಟಿಗೆ ಎತ್ತುತ್ತಿದ್ದಳು, ರಾತ್ರಿ ನಿದ್ದೆ ಮಾಡುತ್ತಿದ್ದಳು. ಅಕ್ಕನಿಗೆ ಆದದ್ದು ಅವಳಿಗೆ ಆಗಲಿಲ್ಲ. ಹಿತ್ತಲಿನ ಜಗಳ ಮಾತ್ರ ನನ್ನ ಕಿವಿಗೆ ಬೀಳುವುದು ನಿಂತುಹೋಯಿತು.

ಹೀಗೆ ಎಂಬತ್ತೆಂಟು ಬಂತು. ಆ ವರ್ಷದ ಮಳೆಗಾಲ ಕಳೆದು ಚಳಿ ಶುರುವಾದ ಮೇಲೂ ಅಂಜಿನಮ್ಮ ಜಗಲಿಯ ಮೇಲೆ ಮೊರದಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಕತ್ತು ಬೆವೆತಿತ್ತು. "ಬಂತು ಕಣವ್ವ ನಂಗೂ" ಅಂದಳು. "ಡಾಕ್ಟ್ರಮ್ಮನ್ನ ಕೇಳ್ಕೊಂಡ್ ಬಂದೆ. ಒಳಗಿಂದು ನಿಂತೋಯ್ತಂತೆ. ತಾನಾಗೇ ಬಂದದ್ದು, ನಿಧಾನವಾಗಿ ಬಂದದೆ, ತಡಕೋಬೌದು." ಅವಳಿಗೆ ಆಗ ನಲವತ್ತೇಳು. ಆ ಮಾತು ನಮ್ಮಿಬ್ಬರ ನಡುವೆಯೇ ಇತ್ತು.

ಕೆಲವು ವಾರದ ನಂತರ ಒಂದು ಸಂಜೆ ದೊಡ್ಡಮುನಿಯಪ್ಪನವರು ಗಿಂಡಿ, ಬೀಗದ ಕೈ ಹಿಡಿದುಕೊಂಡು ಬಂದರು. ಮಂಡಿ ಮಡಚಲು ಆಗುತ್ತಿರಲಿಲ್ಲ, ಸೊಂಟ ಬಗ್ಗಿಹೋಗಿತ್ತು. ಗುಡಿಯ ಗೂಡಿಗೆ ಬಗ್ಗಿ ಎಣ್ಣೆ ಹಾಕುವುದು ಇನ್ನು ತಮ್ಮಿಂದ ಆಗದು ಅಂದರು. ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ, ಏಳಲಿಲ್ಲ.

"ನಿಂಗೂ ವಯಸ್ಸಾಯ್ತಲ್ಲಮ್ಮ. ಇಷ್ಟೊತ್ಗೆ ನಿಂತಿರ್ಬೇಕು" ಅಂದರು.

"ಏನು ಬಾವ?"

"ಅದೇ... ಒಳಗಿಂದು."

ಅಂದು ಇದೇ ಜಗಲಿಯ ಮೇಲೆ ಬೀದಿಗೆಲ್ಲ ಕೇಳುವ ಹಾಗೆ ಅವಳ ಹೊಟ್ಟೆಯ ಪಂಚಾಯ್ತಿ ಮಾಡಿದ್ದ ಮನುಷ್ಯನಿಗೆ ಇಂದು ಬಾಯಿ ಬರಲಿಲ್ಲ. ನಿಂತಿದೆ ಅಂತ ಅಂಜಿನಮ್ಮ ಒಂದೇ ಒಂದು ಮಾತು ಹೇಳಿದ್ದರೆ ಗಿಂಡಿ ಆ ಕ್ಷಣ ಅವಳ ಕೈಗೆ ಬರುತ್ತಿತ್ತು. ಹೇಳಿಬಿಡಬಾರದೇ ಅಂತ ನನ್ನ ಜೀವ ಹೊಡೆದುಕೊಂಡಿತು. ಆ ದೀಪಕ್ಕಾಗಿ ಅವಳು ಅತ್ತದ್ದನ್ನು ನಾನು ಕಂಡಿದ್ದೆನಲ್ಲ.

ಅವಳು ಕೈಯಲ್ಲಿದ್ದ ಅವರೆಕಾಳನ್ನು ಮೊರಕ್ಕೆ ಹಾಕಿದಳು. "ಯಂಗೇಳ್ಲಿ ಬಾವ, ಕಾಣಾಕಿಲ್ವಲ್ಲ" ಅಂದಳು. ಇನ್ನೊಂದು ಕಾಯಿ ಸುಲಿಯುತ್ತ, "ದೀಪ ಕೊಡೋದಾದ್ರೆ ಕೊಡಿ. ಲೆಕ್ಕ ಕೇಳ್ಬ್ಯಾಡಿ" ಅಂದಳು.

ಅವರು ಗುಡಿಯ ಕಡೆ ನೋಡಿದರು, ತಮ್ಮ ಮಂಡಿಯನ್ನು ನೋಡಿಕೊಂಡರು. ಕೊನೆಗೆ ಗಿಂಡಿಯನ್ನೂ ಬೀಗದ ಕೈಯನ್ನೂ ಜಗಲಿಯ ಮೇಲಿಟ್ಟು, ಗೋಡೆ ಹಿಡಿದುಕೊಂಡು ಹೋದರು.

ನನಗೆ ಆಗ ಬಂದ ಸಿಟ್ಟು ಮೊದಲಿನದಕ್ಕಿಂತ ದೊಡ್ಡದು. ಗೊತ್ತಿಲ್ಲದೆಯೇ ಕೊಡಬಹುದಾಗಿತ್ತು ಅಂದ ಮೇಲೆ ಇಷ್ಟು ವರ್ಷ ಕಸಿದುಕೊಂಡದ್ದು ಯಾತಕ್ಕೆ? ದೇವಿಯ ಭಯ ಮಂಡಿ ನೋಯುವ ತನಕ ಮಾತ್ರವೇ? ಅವರ ಹಿಂದೆ ಹೋಗಿ ಕೇಳಬೇಕೆಂದು ಎದ್ದೆ. ಅಂಜಿನಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು.

"ಏಳಿದ್ರೆ ಏನಾಗ್ತಿತ್ರಿ ಅಕ್ಕಾ? ನಿಂತದ ಅಂತ ಅಂದಿದ್ರ ಆಗ್ತಿತ್ತಲ್ಲ" ಅಂತ ಅವಳ ಮಾತಿನಲ್ಲಿ ನನ್ನ ಮಾತು ಬೆರೆಸಿ ಕೇಳಿದೆ.

"ಏಳಿದ್ರೆ ಅವತ್ತು ಅವರು ಮಾಡಿದ್ದು ಸರಿ ಅಂತ ನಾನೇ ಒಪ್ಕೊಂಡಂಗಲ್ವಾ?" ಅಂದಳು.

ಮಾರನೆಯ ಬೆಳಗ್ಗೆ ರೊಟ್ಟಿ ಬಡಿಯುತ್ತ ಕಿವಿಗೊಟ್ಟು ಕೂತೆ. ಗುಡಿಯ ಬಾಗಿಲು ಕಿರುಗುಟ್ಟಿತು, ಪೊರಕೆಯ ಸದ್ದು ಬಂತು. ಆಮೇಲೆ ಗಿಂಡಿ ಕೆಳಗಿಟ್ಟ ಸದ್ದು. ನಾನು ಒಲೆ ಉರಿ ತಗ್ಗಿಸಿದೆ.

"ಏನವ್ವಾ" ಅಂದಳು ಅಂಜಿನಮ್ಮ. "ಇಷ್ಟು ವರ್ಸ ನೀನಾದ್ರೂ ಒಂದು ಮಾತು ಏಳ್ಬಾರ್ದಾಗಿತ್ತಾ ಅವರ್ಗೆ?"