ಮುಂದಿಟ್ಟ ಗಡಿಯಾರ, ಹಿಂದುಳಿದ ಬೆರಳು

ವಿಲೆ ಪಾರ್ಲೆಯ ನಮ್ಮ ಮನೆಯ ಗೋಡೆ ಗಡಿಯಾರ ಏಳು ನಿಮಿಷ ಮುಂದಿದೆ. ಕೆಟ್ಟು ಮುಂದೋಡಿದ್ದಲ್ಲ, ದಾದರಿನ ಹೋಟೆಲೊಂದರ ಕೌಂಟರಿನಲ್ಲಿ ಕೂರುವ ಅಪ್ಪ ಬೆಳಗಿನ ಲೋಕಲ್ ರೈಲು ತಪ್ಪಬಾರದೆಂದು ಬುದ್ಧಿಪೂರ್ವಕವಾಗಿ ಮುಂದಿಟ್ಟದ್ದು. ಮನೆಯ ನಾಲ್ವರಿಗೂ ಈ ಗುಟ್ಟು ಗೊತ್ತಿರುವುದರಿಂದ, ನಾಲ್ವರೂ ಗಡಿಯಾರ ನೋಡಿದೊಡನೆ ಮನಸ್ಸಿನಲ್ಲೇ ಏಳನ್ನು ಕಳೆದು, ಹಾಗೆ ಉಳಿಸಿದ ಸಮಯದಲ್ಲಿ ಇನ್ನೊಂದು ಲೋಟ ಚಹಾ ಕುಡಿದು, ಕೊನೆಗೆ ಸ್ಟೇಷನ್ನಿಗೆ ಓಡುತ್ತೇವೆ. ನಿಮ್ಮ ಮನೆಯಲ್ಲೂ ಇಂಥದೊಂದು ಗಡಿಯಾರವಿದ್ದರೆ ನನ್ನ ಅವಮಾನದ ಕಥೆ ನಿಮಗೆ ಸುಲಭವಾಗಿ ಅರ್ಥವಾದೀತು.

ಅವಮಾನದ ಮೂಲ ಒಂದು ಕಂಪ್ಯೂಟರ್ ಆಟ. ಹಾಡು ಕೇಳಿಸುತ್ತಿರುತ್ತದೆ, ಪರದೆಯ ಮೇಲಿನಿಂದ ನಾಲ್ಕು ಸಾಲುಗಳಲ್ಲಿ ಬಣ್ಣದ ಪಟ್ಟಿಗಳು ಉದುರುತ್ತಿರುತ್ತವೆ, ಪಟ್ಟಿ ಕೆಳಗಿನ ಗೆರೆಯನ್ನು ಮುಟ್ಟುವ ಕ್ಷಣಕ್ಕೆ, ತಾಳಕ್ಕೆ ಸರಿಯಾಗಿ, ಆ ಸಾಲಿನ ಕೀ ಒತ್ತಬೇಕು. ಡಿ, ಎಫ್, ಜೆ, ಕೆ: ನಾಲ್ಕೇ ಅಕ್ಷರಗಳ ಪುಟ್ಟ ಸಂಸಾರ. ಹನ್ನೊಂದನೆಯ ತರಗತಿಯಲ್ಲಿರುವ ತಂಗಿ ತನ್ವಿ ಇದನ್ನು ಹಲ್ಲಿನ ನಡುವೆ ಚಕ್ಕುಲಿ ಕಚ್ಚಿಕೊಂಡೇ ಆಡುತ್ತಾಳೆ. ಇದರಲ್ಲೇನು ಮಹಾ ಎಂದು ನಾನು ಅಂದುಬಿಟ್ಟೆ. ಪಂಥ ಏರ್ಪಟ್ಟಿತು. ಮೂವತ್ತು ದಿನ ನನ್ನ ಅಭ್ಯಾಸಕ್ಕೆ; ಆಮೇಲೆ ಇಬ್ಬರೂ ಒಂದೇ ಹಾಡು ಆಡುವುದು; ಸೋತವಳು ಗಣೇಶ ಚೌತಿಯವರೆಗೆ ದಿನಾ ಬೆಳಿಗ್ಗೆ ಐದೂವರೆಗೆ, ನಲ್ಲಿಯಲ್ಲಿ ಮುಕ್ಕಾಲು ಗಂಟೆ ಮಾತ್ರ ದರ್ಶನ ಕೊಡುವ ನೀರನ್ನು ತುಂಬಿಡುವುದು. ಅಲ್ಲಿಯವರೆಗೆ ಸರದಿಯ ಮೇಲಿದ್ದ ಶಿಕ್ಷೆ ಈಗ ಒಬ್ಬಳ ತಲೆಗೇ ಬರಲಿತ್ತು.

ಲೆಕ್ಕವಿಡುವುದು ನನ್ನ ಹುಟ್ಟುಗುಣ. ದಿನಚರಿಯಲ್ಲಿ ಬರೆದೆ: ಮೊದಲ ದಿನ, ಪಟ್ಟಿಗಳು ಮುನ್ನೂರು, ತಪ್ಪಿದ್ದು ಇನ್ನೂರ ಎಂಬತ್ತೊಂದು. ಎರಡನೆಯ ದಿನ, ಇನ್ನೂರ ಎಂಬತ್ತನಾಲ್ಕು, ಕಾರಣ, ಸೊಳ್ಳೆ. ಹನ್ನೆರಡನೆಯ ದಿನದ ಹೊತ್ತಿಗೆ ತಾಳ ಕಿವಿಗೆ ಚೆನ್ನಾಗಿ ಹತ್ತಿದ್ದರೂ ತಪ್ಪುಗಳು ನೂರೈವತ್ತರಿಂದ ಕೆಳಗಿಳಿಯಲು ಒಪ್ಪಲಿಲ್ಲ, ಮತ್ತು ಪ್ರತಿ ತಪ್ಪಿಗೂ ಆಟ ಕೊಡುತ್ತಿದ್ದ ತೀರ್ಪು ಒಂದೇ: ‘ತಡ’. ಸಾಕ್ಷ್ಯಾಧಾರಗಳನ್ನು ಪರಿಶೀಲಿಸಿ ನಾನು ಎಡಗೈಯ ನಡುಬೆರಳನ್ನು ಅಪರಾಧಿಯೆಂದು ಘೋಷಿಸಿದೆ. ಆಫೀಸಿಗೆ ಹೋಗುವ ಲೋಕಲ್‌ನಲ್ಲಿ ಅದಕ್ಕೆ ಕಠಿಣ ವ್ಯಾಯಾಮ ಶುರುವಾಯಿತು. ಬಾಂದ್ರಾದಲ್ಲಿ ಪಕ್ಕದ ಹೆಂಗಸು ತನ್ನ ಟಿಫಿನ್ ಚೀಲವನ್ನು ಮೆಲ್ಲನೆ ಮಡಿಲಿಗೆಳೆದುಕೊಂಡಾಗಲೇ ನಾನು ಅಷ್ಟು ಹೊತ್ತು ತಾಳ ಹಾಕುತ್ತಿದ್ದದ್ದು ಯಾವುದರ ಮೇಲೆಂದು ತಿಳಿದದ್ದು.

ಇಪ್ಪತ್ತನೆಯ ದಿನ, ಹರಿವೆ ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಮುಂದೆ ನಡುಬೆರಳಿನ ದುರ್ನಡತೆಯನ್ನು ಅಂಕಿಗಳ ಸಮೇತ ತೋಡಿಕೊಂಡೆ. ಅಮ್ಮ ತಲೆ ಎತ್ತಲೂ ಇಲ್ಲ.

“ಎಲ್ಲ ಒಂದೇ ಸಮ ತಡ ಆದ್ರೆ ಅದು ಬೆರಳಿನ ತಪ್ಪಲ್ಲ ಮಾರಾಯ್ತಿ, ಗಡಿಯಾರದ್ದು.”

ತನಿಖೆ ನಡೆಸಿದೆ. ಅಮ್ಮನ ಧಾರಾವಾಹಿಗೆ ಭಂಗ ಬಾರದಿರಲೆಂದು ನಾನು ತೊಡುತ್ತಿದ್ದ ತಂತಿಯಿಲ್ಲದ ಹೆಡ್‌ಫೋನು, ಹಾಡನ್ನು ಕಿವಿಗೆ ಮುಟ್ಟಿಸುವಾಗ ರೆಪ್ಪೆ ಬಡಿಯುವಷ್ಟು ಸೋಮಾರಿತನ ತೋರಿಸುತ್ತಿತ್ತು. ಪಟ್ಟಿ ಗೆರೆ ದಾಟಿದ ಮೇಲೆ ತಾಳ ಬರುತ್ತಿತ್ತು. ಬಡಪಾಯಿ ಬೆರಳು ತಾಳವನ್ನು ನಂಬಿತ್ತು. ಇದಕ್ಕೆ ಮದ್ದು ಆಟದ ಸೆಟ್ಟಿಂಗಿನಲ್ಲೇ ಇತ್ತು: ಪಟ್ಟಿಗಳನ್ನೂ ಅಷ್ಟೇ ತಡವಾಗಿ ಉದುರುವಂತೆ ಮಾಡಿದೆ. ತಪ್ಪುಗಳು ದಿನದಿನಕ್ಕೆ ಇಳಿದು ಇಪ್ಪತ್ತೊಂಬತ್ತನೆಯ ದಿನ ಹತ್ತೊಂಬತ್ತಕ್ಕೆ ಬಂದವು. ದಿನಚರಿಯಲ್ಲಿ ನಡುಬೆರಳಿಗೆ ಕ್ಷಮಾಪಣೆ ಬರೆದೆ.

ಪಂಥ ನಡೆದ ಭಾನುವಾರ ಅಪ್ಪನೂ ಮನೆಯಲ್ಲಿದ್ದರು. ತನ್ವಿ ತನ್ನ ಲ್ಯಾಪ್‌ಟಾಪಿನಲ್ಲಿ ಮೊದಲು ಆಡಿದಳು, ತಪ್ಪು ಇಪ್ಪತ್ತಾರು. ಗೆಲುವು ನನ್ನದೇ ಎಂದು ನಾನು ಹೆಡ್‌ಫೋನು ತೊಡುವಷ್ಟರಲ್ಲಿ, ಹಾಡು ತಮಗೂ ಕೇಳಲಿ ಎಂದರು ಅಪ್ಪ. ಗೆಲ್ಲಲಿರುವವರಿಗೆ ಸಹಜವಾದ ಔದಾರ್ಯದಿಂದ ನಾನು ಹೆಡ್‌ಫೋನು ತೆಗೆದು ಸ್ಪೀಕರ್ ಹಾಕಿದೆ, ಸೆಟ್ಟಿಂಗನ್ನು ಮಾತ್ರ ಮರೆತೆ. ಹಾಡು ಒಂದಿಷ್ಟೂ ತಡಮಾಡದೆ ಬಂತು. ತಡಮಾಡಲು ನಾನೇ ಕಲಿಸಿದ್ದ ಪಟ್ಟಿಗಳು ಹಿಂದುಳಿದವು. ಪರದೆಯ ತುಂಬ ಹೊಸ ತೀರ್ಪು: ‘ಬೇಗ, ಬೇಗ, ಬೇಗ’. ತಪ್ಪು ಇನ್ನೂರ ಹದಿನಾಲ್ಕು.

“ಅಕ್ಕ, ಗಾನಾ ಬರೋ ಮೊದ್ಲೇ ನೀನು ನಾಚ್ ಶುರು ಮಾಡ್ದೆ ಯಾರ್,” ಎಂದಳು ತನ್ವಿ ತನ್ನ ಹಿಂದಿ ಬೆರೆತ ಕನ್ನಡದಲ್ಲಿ.

“ಇರ್ಲಿ ಬಿಡು,” ಎಂದರು ಅಪ್ಪ. “ಈ ಮನೆಯಲ್ಲಿ ಒಬ್ಬಳಾದ್ರೂ ಬೇಗ ಬಂದಳಲ್ಲ.”

ಮರುದಿನ ಗಡಿಯಾರದ ಐದೂವರೆಗೆ ನಲ್ಲಿಯ ಮುಂದೆ ಹಾಜರಾದೆ. ಸೋಲಿನ ಗುಂಗಿನಲ್ಲಿ ಏಳನ್ನು ಕಳೆಯಲು ಮರೆತಿದ್ದೆ. ಬೋರಲು ಹಾಕಿದ ಬಕೆಟಿನ ಮೇಲೆ ನಾಲ್ಕು ಬೆರಳುಗಳಿಂದ ತಾಳ ಹಾಕುತ್ತ ಪೂರ್ತಿ ಏಳು ನಿಮಿಷ ಕಾದೆ. ಆ ಗಡಿಯಾರದಿಂದಾಗಿ ನಮ್ಮಲ್ಲಿ ಯಾರಾದರೂ ಎಲ್ಲಿಗಾದರೂ ಬೇಗ ಬಂದದ್ದು ಅದೇ ಮೊದಲು, ಅದೂ ಮರೆತದ್ದರಿಂದ. ನೆನಪಿರುವ ತಿದ್ದುಪಡಿಯನ್ನು ನಾವು ಚಹಾ ಮಾಡಿ ಕುಡಿದುಬಿಡುತ್ತೇವೆ; ಮರೆತದ್ದೇ ನಮ್ಮನ್ನು ತಿದ್ದುವುದು.

ನೀರು ತುಂಬಿಸಿದ ಮೇಲೆ ಸ್ಟೂಲು ಹತ್ತಿ ಗಡಿಯಾರದ ಮುಳ್ಳನ್ನು ಇನ್ನೆರಡು ನಿಮಿಷ ಮುಂದೆ ತಳ್ಳಿದೆ. ಯಾರಿಗೂ ಹೇಳಲಿಲ್ಲ. ಅವರೆಲ್ಲ ಇನ್ನೂ ಏಳನ್ನೇ ಕಳೆಯುತ್ತಿದ್ದಾರೆ. ನಾಲ್ಕು ದಿನಗಳಿಂದ ಅಪ್ಪ ಓಡದೆಯೇ ಲೋಕಲ್ ಹಿಡಿಯುತ್ತಿದ್ದು, ಅಮ್ಮ ಕೊಡುವ ಮೆಂತ್ಯದ ನೀರಿನಿಂದ ಮೊಣಕಾಲು ಚುರುಕಾಗಿದೆಯೆಂದು ಬಿಲ್ಡಿಂಗಿಗೆಲ್ಲ ಹೇಳುತ್ತಿದ್ದಾರೆ. ಈ ಮನೆಯಲ್ಲಿ ಒಂಬತ್ತನ್ನು ಕಳೆಯುವವಳು ನಾನೊಬ್ಬಳೇ. ಸ್ಟೇಷನ್ನಿಗೆ ಓಡುವವಳೂ ನಾನೊಬ್ಬಳೇ.